ಹಿಂದಕ್ಕೆ ಹರಿಯುವ ನದಿಗೆ ನಾಲ್ಕು ದೇಶಗಳ ರುಜು

ನದಿ ನೀರಿನ ಒಪ್ಪಂದ ಎಂದ ಕೂಡಲೇ ಯಾರಿಗೆ ಎಷ್ಟು ಪಾಲು ಎಂದು ಕೇಳುವುದು ನಮ್ಮ ರೂಢಿ. 1995ರ ಏಪ್ರಿಲ್ 5ರಂದು ಥಾಯ್ಲೆಂಡಿನ ಚಿಯಾಂಗ್ ರಾಯ್‌ನಲ್ಲಿ ಕಾಂಬೋಡಿಯಾ, ಲಾವೋಸ್, ಥಾಯ್ಲೆಂಡ್ ಮತ್ತು ವಿಯೆಟ್ನಾಂ ರುಜು ಹಾಕಿದ ಮೆಕಾಂಗ್ ಒಪ್ಪಂದದಲ್ಲಿ ಅಂಥ ಪಾಲುಪಟ್ಟಿಯೇ ಇಲ್ಲ. ಅದರ ಆರನೇ ವಿಧಿಯಲ್ಲಿ ಬೇರೊಂದು ಮಾತಿದೆ: ಮಳೆಗಾಲದಲ್ಲಿ ಟೊನ್ಲೆ ಸಾಪ್ ನದಿ ಸಹಜವಾಗಿ ಹಿಂದಕ್ಕೆ ಹರಿಯಬೇಕು, ಅದಕ್ಕೆ ಬೇಕಾದಷ್ಟು ನೀರು ಮೆಕಾಂಗಿನಲ್ಲಿ ಇರುವಂತೆ ನಾಲ್ವರೂ ನೋಡಿಕೊಳ್ಳಬೇಕು. ಈ ಒಪ್ಪಂದದಿಂದ ಹುಟ್ಟಿದ ಮೆಕಾಂಗ್ ನದಿ ಆಯೋಗದ ಬೆನ್ನು ನಾನು ಹತ್ತಿದ್ದು ಈ ಒಂದು ಮಾತಿಗಾಗಿ.

ಕಾಂಬೋಡಿಯಾದ ನಡುವೆ ಟೊನ್ಲೆ ಸಾಪ್ ಎಂಬ ಸರೋವರವಿದೆ. ಅದರಿಂದ ಹೊರಡುವ ಅದೇ ಹೆಸರಿನ ನದಿ ಸುಮಾರು 120 ಕಿ.ಮೀ. ಹರಿದು ರಾಜಧಾನಿ ನಾಮ್ ಪೆನ್ ಬಳಿ ಮೆಕಾಂಗನ್ನು ಸೇರುತ್ತದೆ. ಮೇ ಕೊನೆ, ಜೂನ್ ಹೊತ್ತಿಗೆ ಮೆಕಾಂಗ್ ಉಕ್ಕಿ ಬಂದರೆ ಉಪನದಿಗೆ ಮುಂದೆ ಹೋಗಲು ದಾರಿಯಿಲ್ಲ. ನೀರು ತಿರುಗಿ ಸರೋವರದತ್ತ ನುಗ್ಗುತ್ತದೆ. ಬೇಸಿಗೆಯಲ್ಲಿ ಸೊಂಟದಾಳ, ಎದೆಯಾಳ ಇದ್ದ ಜಾಗ ಎಂಟೊಂಬತ್ತು ಮೀಟರ್ ಆಳವಾಗುತ್ತದೆ. ಸುಮಾರು 2,500 ಚದರ ಕಿ.ಮೀ. ಇದ್ದ ಸರೋವರ ಒಳ್ಳೆಯ ಮಳೆಯ ವರ್ಷ 15,000 ಚದರ ಕಿ.ಮೀ.ವರೆಗೂ ಹರಡುತ್ತದೆ. ದಡದ ಕಾಡು ಮುಳುಗಿ, ಮರದ ಬೇರು ಕೊಂಬೆಗಳ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. ಕಂಪೊಂಗ್ ಫ್ಲುಕ್‌ನಂಥ ಹಳ್ಳಿಗಳಲ್ಲಿ ಮನೆಗಳೆಲ್ಲ ಎತ್ತರದ ಕಂಬಗಳ ಮೇಲೆ. ಬೇಸಿಗೆಯಲ್ಲಿ ಏಣಿ ಹತ್ತಿ ಮನೆ ಸೇರುವವರು ಮಳೆಗಾಲದಲ್ಲಿ ದೋಣಿಯನ್ನು ಜಗಲಿಗೇ ಕಟ್ಟುತ್ತಾರೆ.

ಮಳೆಗಾಲ ಮುಗಿದು ನದಿ ಮತ್ತೆ ಮುಂದಕ್ಕೆ ತಿರುಗಿದರೆ ನಾಮ್ ಪೆನ್‌ನಲ್ಲಿ ದೋಣಿ ಸ್ಪರ್ಧೆಯ ನೀರಿನ ಹಬ್ಬ. ಇಳಿಯುವ ನೀರಿನ ಜೊತೆ ಮೀನೂ ಇಳಿಯುತ್ತದೆ. ಅದನ್ನು ಹಿಡಿಯಲು ನದಿಗೆ ಅಡ್ಡಲಾಗಿ ಸಾಲುಸಾಲು ಚೀಲಬಲೆ ಕಟ್ಟುತ್ತಾರೆ, ಅದಕ್ಕೆ ‘ದಾಯ್’ ಎನ್ನುತ್ತಾರೆ. ಬಾಯಿ ಅಗಲ, ಬಾಲ ಸಣ್ಣದು. ಲಂಗರು ಹಾಕಿ ಬಿಟ್ಟರೆ ಸಾಕು, ಹರಿವೇ ಮೀನನ್ನು ಒಳಗೆ ತಳ್ಳುತ್ತದೆ. ಬಾಲವನ್ನು ಮೇಲೆತ್ತಿ ಗಂಟು ಬಿಚ್ಚಿದರೆ ಬೆರಳುದ್ದದ ಬೆಳ್ಳಿಬಣ್ಣದ ಮೀನು ರಾಶಿ ಬೀಳುತ್ತದೆ. ಜನವರಿ ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಸುಗ್ಗಿ. ಗದ್ದೆ ಊರುಗಳ ರೈತರು ಭತ್ತ ಹೇರಿಕೊಂಡು ಎತ್ತಿನ ಗಾಡಿಯಲ್ಲಿ ಬಂದು, ಭತ್ತ ಕೊಟ್ಟು ಮೀನು ಒಯ್ಯುತ್ತಿದ್ದರು. ತಲೆ ತೆಗೆದು, ತುಳಿದು, ಉಪ್ಪು ಹಾಕಿ ಜಾಡಿಗೆ ತುಂಬಿದರೆ ಅದೇ ಪ್ರಹೋಕ್. ಕಾಂಬೋಡಿಯಾದ ಬಡವರ ಊಟಕ್ಕೆ ವರ್ಷವಿಡೀ ಅದೇ ರುಚಿ, ಅದೇ ಕಸುವು.

ಆಯೋಗದ ಬೇರು 1957ರಲ್ಲಿದೆ. ವಿಶ್ವಸಂಸ್ಥೆಯ ಆಸರೆಯಲ್ಲಿ ಆಗ ಮೆಕಾಂಗ್ ಸಮಿತಿ ಹುಟ್ಟಿತು. ಆಮೇಲೆ ಯುದ್ಧ. ಖ್ಮೇರ್ ರೂಜ್ ಆಡಳಿತದ ಕಾಲದಲ್ಲಿ ಕಾಂಬೋಡಿಯಾ ಹೊರಗುಳಿಯಿತು. 1978ರಿಂದ ಉಳಿದ ಮೂವರೇ ಮಧ್ಯಂತರ ಸಮಿತಿ ನಡೆಸಿದರು. ಆ ಕಾಲದ ಒಂದು ಸಂಗತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1971ರಲ್ಲಿ ಲಾವೋಸಿನ ನಾಮ್ ಗುಮ್ ಅಣೆಕಟ್ಟಿನಿಂದ ಥಾಯ್ಲೆಂಡಿಗೆ ಕರೆಂಟು ಹೊರಟಿತು. ಎರಡೂ ದೇಶಗಳ ಸಂಬಂಧ ಪೂರಾ ಕೆಟ್ಟ ವರ್ಷಗಳಲ್ಲೂ ಅದು ನಿಲ್ಲಲಿಲ್ಲ.

ಈಗ ನಾಲ್ಕು ದೇಶಗಳಲ್ಲೂ ಒಂದೊಂದು ರಾಷ್ಟ್ರೀಯ ಮೆಕಾಂಗ್ ಸಮಿತಿಯಿದೆ. ಆಯೋಗದ ಕಚೇರಿ ಲಾವೋಸಿನ ವಿಯೆಂಟಿಯಾನ್‌ನಲ್ಲಿ. ಬೆಳಿಗ್ಗೆ ಏಳು ಗಂಟೆಯ ನೀರಿನ ಮಟ್ಟ ನದಿಯುದ್ದದ ಮಾಪನ ಕೇಂದ್ರಗಳಿಂದ ಅಲ್ಲಿಗೆ ತಲುಪುತ್ತದೆ. ಟೊನ್ಲೆ ಸಾಪ್ ತಿರುಗಿತೋ ಇಲ್ಲವೋ ಎಂಬುದನ್ನು ಪ್ರೆಕ್ ಕ್ಡಾಮ್ ಕೇಂದ್ರದ ಅಂಕಿಗಳು ಹೇಳುತ್ತವೆ. ಚೀನಾ ಮತ್ತು ಮ್ಯಾನ್ಮಾರ್ ಸದಸ್ಯರಲ್ಲ, ಮಾತುಕತೆಯ ಪಾಲುದಾರರು ಮಾತ್ರ. ಆದರೂ 2002ರ ಒಪ್ಪಂದದಂತೆ ಚೀನಾ ಪ್ರವಾಹ ಕಾಲದ ಅಂಕಿಅಂಶ ಕೊಡತೊಡಗಿತು, 2020ರಿಂದ ವರ್ಷವಿಡೀ ಕೊಡಲು ಒಪ್ಪಿತು. ನೆರೆ ಬರುವ ಸುದ್ದಿ ಕೆಳಗಿನ ಊರಿಗೆ ಮುಂಚೆ ಮುಟ್ಟಬೇಕಾದರೆ ಮೇಲಿನವರು ಬಾಯಿ ಬಿಡಲೇಬೇಕು.

ಆಯೋಗಕ್ಕೆ ತಡೆಯುವ ಅಧಿಕಾರವಿಲ್ಲ. ಮುಖ್ಯ ನದಿಗೆ ಅಣೆಕಟ್ಟು ಕಟ್ಟುವ ದೇಶ ಮೊದಲು ಉಳಿದವರೊಂದಿಗೆ ಸಮಾಲೋಚಿಸಬೇಕು, ಅದಕ್ಕೆ ಆರು ತಿಂಗಳ ಗಡುವು. 2010ರಲ್ಲಿ ಲಾವೋಸ್ ಸಯಾಬುರಿ ಯೋಜನೆ ತಂದಾಗ ಕಾಂಬೋಡಿಯಾ, ವಿಯೆಟ್ನಾಂ ತಕರಾರು ತೆಗೆದವು. ಒಮ್ಮತ ಮೂಡಲಿಲ್ಲ. ಲಾವೋಸ್ ಕಟ್ಟಿಯೇ ಬಿಟ್ಟಿತು, 2019ರಿಂದ ವಿದ್ಯುತ್ ಹರಿಯುತ್ತಿದೆ. ಇಂಥ ಆಯೋಗ ಇದ್ದರೆಷ್ಟು ಬಿಟ್ಟರೆಷ್ಟು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಕ್ಷೇಪ ದಾಖಲಾಗುವ ಮೇಜು, ಯಾರೂ ಬಚ್ಚಿಡಲಾಗದ ಅಂಕಿ ಇಲ್ಲದೆ ಹೋದರೆ ಕೆಳಗಿನ ಊರಿನವರ ಕೈಯಲ್ಲಿ ಏನೂ ಉಳಿಯುವುದಿಲ್ಲ.

2019 ಮತ್ತು 2020ರಲ್ಲಿ ಮಳೆ ಕೈಕೊಟ್ಟಿತು. ಮೇಲಿನ ಅಣೆಕಟ್ಟುಗಳ ಪಾಲೂ ಸೇರಿ ನದಿ ತಿರುಗುವುದು ತಡವಾಯಿತು, ಸರೋವರ ಸರಿಯಾಗಿ ತುಂಬಲಿಲ್ಲ. ದಡದ ಹಳ್ಳಿಗಳಿಂದ ಹೆಣ್ಣುಮಕ್ಕಳು ನಾಮ್ ಪೆನ್‌ನ ಗಾರ್ಮೆಂಟ್ಸ್‌ಗೆ, ಗಂಡುಮಕ್ಕಳು ಥಾಯ್ಲೆಂಡಿಗೆ ಕೂಲಿಗೆ ಹೊರಡುವುದು ಈಗ ಸಾಮಾನ್ಯ. ನೀರು ಚೆನ್ನಾಗಿ ಏರುವ ವರ್ಷ ಮತ್ತೆ ಬಂದೀತು. ಆಗ ಬಲೆ ಕಟ್ಟಲು ಬಲ್ಲವರು ಊರಲ್ಲಿ ಇರಬೇಕಲ್ಲ.