ವ್ಯಸನಮುಕ್ತ ಯುವಜನತೆ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಸಮಾಜದ ಹೊಣೆ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಬೆಳಗಾವಿ ಜಿಲ್ಲೆಯ ನೆರೆಹೊರೆಯ ತಾಲೂಕುಗಳು. ಇಲ್ಲಿಯ ಜೈನ ಕುಟುಂಬಗಳಲ್ಲಿ ಸಪ್ತವ್ಯಸನ ತ್ಯಾಗವೇ ಶ್ರಾವಕನ ಮೊದಲ ಮೆಟ್ಟಿಲು. ಮದ್ಯಕ್ಕೆ ಮನೆಯಲ್ಲಿ ಜಾಗವಿಲ್ಲ. ಆದರೆ ಓದು, ಉದ್ಯೋಗಕ್ಕಾಗಿ ಹಾಸ್ಟೆಲ್ ಹಾಗೂ ಬಾಡಿಗೆ ಕೋಣೆಗಳಲ್ಲಿ ಇರುವ ಮಕ್ಕಳಿಗೆ ಮನೆಯ ನಿಯಮವೊಂದೇ ಸಾಲದು. ಮೊದಲ ಗುಟುಕು ಅಥವಾ ಮೊದಲ ಸೇದುವಿಕೆ ಹೆಚ್ಚಾಗಿ ಬರುವುದು ಅಪರಿಚಿತರಿಂದಲ್ಲ, ಸ್ನೇಹಿತರಿಂದಲೇ. ಮಿದುಳಿನ ಬೆಳವಣಿಗೆ ಸುಮಾರು 25ನೇ ವಯಸ್ಸಿನವರೆಗೆ ನಡೆಯುವುದರಿಂದ, ಎಷ್ಟು ಬೇಗ ಆರಂಭವೋ ಚಟ ಅಂಟುವ ಅಪಾಯವೂ ಅಷ್ಟೇ ಹೆಚ್ಚು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು ಒಬ್ಬರು ಮಾತ್ರ. ‘ಊರಿಗೆ ಗೊತ್ತಾದರೆ ಮರ್ಯಾದೆ ಹೋದೀತು’ ಎಂದು ಮುಚ್ಚಿಟ್ಟಷ್ಟೂ ಕಾಯಿಲೆ ಬಲಿಯುತ್ತದೆ.

ಈ ಮೌನವನ್ನು ಮುರಿಯಲು ರಾಜ್ಯದಲ್ಲಿ ದೊಡ್ಡ ಪ್ರಯತ್ನ ನಡೆದಿರುವುದು ಧರ್ಮಸ್ಥಳದಿಂದ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ 1982ರಲ್ಲಿ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆ ಇಂದು ಬೆಳಗಾವಿ ಜಿಲ್ಲೆಯಲ್ಲಿಯೂ ಕೆಲಸ ಮಾಡುತ್ತಿದೆ. ಅದರೊಂದಿಗೆ ನಡೆಯುವ ಜನಜಾಗೃತಿ ವೇದಿಕೆ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಊರಿನ ಗಣ್ಯರೇ ಸೇರಿ ನಡೆಸುವ ಈ ಶಿಬಿರಗಳಲ್ಲಿ ಯೋಗ, ಆಪ್ತಸಲಹೆ, ವೈದ್ಯಕೀಯ ತಪಾಸಣೆ ಇರುತ್ತವೆ. ಕುಟುಂಬದವರನ್ನೂ ಕರೆಸಿ ಮಾತನಾಡಿಸುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರ ನವಜೀವನ ಸಮಿತಿ ಅವರನ್ನು ಕೈಬಿಡದೆ ನೋಡಿಕೊಳ್ಳುತ್ತದೆ. ಶಾಲಾ ಕಾಲೇಜುಗಳಲ್ಲಿ ‘ಸ್ವಾಸ್ಥ್ಯ ಸಂಕಲ್ಪ’ ಕಾರ್ಯಕ್ರಮ, ಚಟ ಅಂಟುವ ಮೊದಲೇ ಮಕ್ಕಳನ್ನು ತಲುಪುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಬಹುಕಾಲ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಜ್ಞೆ ಕದಡಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಆಣೆ ಪ್ರಮಾಣ ಮಾಡಿಸುವ ಮೊದಲು ವೈದ್ಯರ ಸಲಹೆ ಬೇಕು.

ಕಾನೂನನ್ನೂ ತಿಳಿದಿರಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರಿಗೆ ವೈದ್ಯರ ಸಲಹೆಯಿಲ್ಲದೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟರೆ 7 ವರ್ಷದವರೆಗೆ ಕಠಿಣ ಶಿಕ್ಷೆ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡವಿದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಪೂರ್ಣ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಮಗ ಸಿಕ್ಕಿಬೀಳುತ್ತಾನೆಂದು ಹೆದರಿ ಚಿಕಿತ್ಸೆ ತಪ್ಪಿಸಬೇಕಾಗಿಲ್ಲ.

ಈ ಭಾಗದಲ್ಲಿ ಸಂಘಟನೆಗೆ ಕೊರತೆಯಿಲ್ಲ. 1899ರಲ್ಲಿ ಸ್ತವನಿಧಿಯಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆ, ಅದರ ಯುವ ಘಟಕ ವೀರ ಸೇವಾ ದಳ, ಊರೂರಿನ ಬಸದಿ ಕಮಿಟಿಗಳು, ಮಹಿಳಾ ಮಂಡಳಗಳಿವೆ. ಪಾಠಶಾಲೆಯಲ್ಲಿ ಸಪ್ತವ್ಯಸನಗಳ ಹೆಸರು ಬಾಯಿಪಾಠ ಮಾಡಿಸುವುದರ ಜೊತೆಗೆ, ಗೆಳೆಯ ಒತ್ತಾಯಿಸಿದಾಗ ‘ಬೇಡ’ ಎನ್ನುವುದು ಹೇಗೆ ಎಂಬುದನ್ನೂ ಕಲಿಸಬಹುದು. ಹಣ ಕಾಣೆಯಾಗುವುದು, ನಿದ್ದೆ ಕೆಡುವುದು, ಹಳೆಯ ಗೆಳೆಯರನ್ನು ದೂರವಿಡುವುದು ಕಂಡರೆ ಪಾಲಕರು ಬೈಯುವ ಮೊದಲು ಕೇಳಿಸಿಕೊಳ್ಳಬೇಕು.

ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ: 14446. ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್: 14416. ಎರಡೂ ಉಚಿತ.