ದಂತವೈದ್ಯರ ಕಣ್ಣಿಗೆ ಬೀಳಬೇಕಾದ ಗೊರಕೆ

ಬಾಯಿ ಅಗಲಿಸಿ ನಾಲಿಗೆಯನ್ನು ಪೂರ್ತಿ ಹೊರಚಾಚಿದಾಗ ಕಿರುನಾಲಿಗೆ ಕಾಣುತ್ತದೆಯೇ, ಇಲ್ಲವೇ? ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರು ಇಂದಿಗೂ ನೋಡುವ ಸಂಗತಿಗಳಲ್ಲಿ ಇದೂ ಒಂದು. ಈ ಪರೀಕ್ಷೆಗೆ ಅಂಟಿಕೊಂಡಿರುವ ಹೆಸರು ಬಾಸ್ಟನ್‌ನಲ್ಲಿ ಕೆಲಸ ಮಾಡುತ್ತಿದ್ದ ಆಂಧ್ರಮೂಲದ ಅರಿವಳಿಕೆ ತಜ್ಞ ಶೇಷಗಿರಿ ರಾವ್ ಮಲ್ಲಂಪಾಟಿ ಅವರದು. ನಾಲಿಗೆಯ ಬುಡ ದಪ್ಪವಾಗಿದ್ದು ಹಿಂದಿನ ಗಂಟಲನ್ನು ಮರೆಮಾಡಿದಷ್ಟೂ ಶ್ವಾಸನಾಳಕ್ಕೆ ಕೊಳವೆ ಇಳಿಸುವುದು ಕಷ್ಟ ಎಂಬುದನ್ನು ಅವರು 210 ರೋಗಿಗಳನ್ನು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಯಂತ್ರ ಬೇಡ, ಖರ್ಚಿಲ್ಲ, ಒಂದು ಟಾರ್ಚ್ ಇದ್ದರಾಯಿತು. ಎಚ್ಚರದಲ್ಲಿ ಇಷ್ಟು ಇಕ್ಕಟ್ಟಾಗಿ ಕಾಣುವ ಗಂಟಲು ನಿದ್ದೆಯಲ್ಲಿ ಮುಚ್ಚಿಕೊಳ್ಳುವ ಸಾಧ್ಯತೆಯೂ ಹೆಚ್ಚು ಎಂದು ನಿದ್ರಾತಜ್ಞರು ಮುಂದೆ ಇದನ್ನೇ ತುಸು ಮಾರ್ಪಡಿಸಿ ಬಳಸಿಕೊಂಡರು.

ಆದರೆ ಅರಿವಳಿಕೆ ವೈದ್ಯರು ನಮ್ಮ ಬಾಯಿ ನೋಡುವುದು ಆಯುಷ್ಯದಲ್ಲಿ ಒಂದೋ ಎರಡೋ ಸಲ. ನಿದ್ರಾತಜ್ಞರನ್ನಂತೂ ಹೆಚ್ಚಿನವರು ಕಂಡೇ ಇರುವುದಿಲ್ಲ. ಇದೇ ನೋಟ ದಿನವಿಡೀ, ಕಣ್ಣು ಕೋರೈಸುವ ಬೆಳಕಿನಲ್ಲಿ, ಗೇಣು ದೂರದಿಂದ ಸಿಗುವುದು ದಂತವೈದ್ಯರಿಗೆ. ಅವರ ಗಮನ ಮಾತ್ರ ಸಾಮಾನ್ಯವಾಗಿ ಕೊನೆಯ ದವಡೆ ಹಲ್ಲಿಗೆ ನಿಂತುಬಿಡುತ್ತದೆ.

ಕಾಯಿಲೆಯ ಹೆಸರು ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿ ಉಸಿರು ನಿಲ್ಲುವುದು. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ಮುಂಬೈನ ವೈದ್ಯರು ಈ ಹೆಸರು ಹೇಳಿದ್ದರಿಂದ ಕೆಲವು ದಿನ ಪತ್ರಿಕೆಗಳಲ್ಲಿ ಅದರ ಚರ್ಚೆ ನಡೆಯಿತು. ಆಮೇಲೆ ಮರೆತೂ ಹೋಯಿತು.

ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಉಸಿರಿನ ದಾರಿಯನ್ನು ಸುತ್ತಲಿಂದ ಬಿಗಿಯಾಗಿ ತೆರೆದಿಡುವ ಎಲುಬಾಗಲಿ ಮೃದ್ವಸ್ಥಿಯಾಗಲಿ ಇಲ್ಲ. ಎಚ್ಚರವಿದ್ದಾಗ ಸ್ನಾಯುಗಳೇ ಅದನ್ನು ಎಳೆದು ಹಿಡಿದಿರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಕೆಳದವಡೆಯ ಒಳಬದಿಯಿಂದ ಹೊರಟು ಇಡೀ ನಾಲಿಗೆಗೆ ಹರಡಿಕೊಳ್ಳುವ ಸ್ನಾಯು. ನಿದ್ದೆ ಹತ್ತಿದಂತೆ ಅದು ಸಡಿಲಾಗುತ್ತದೆ; ಅಂಗಾತ ಮಲಗಿದ್ದರೆ ನಾಲಿಗೆ ತನ್ನ ಭಾರಕ್ಕೆ ಹಿಂದಕ್ಕೆ ಜಾರುತ್ತದೆ. ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಅದರ ಗೋಡೆಗಳು ಅಂಟಿಕೊಳ್ಳುವುದಿಲ್ಲವೇ, ಇಲ್ಲೂ ಆಗುವುದು ಅದೇ. ದಾರಿ ಅರೆಬರೆ ಮುಚ್ಚಿದಾಗ ಅದುರುವ ಸದ್ದೇ ಗೊರಕೆ. ಪೂರ್ತಿ ಮುಚ್ಚಿದರೆ ಸದ್ದೇ ಇಲ್ಲ. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಗಾಬರಿಯಾಗಿ ಅರೆಕ್ಷಣ ಎಚ್ಚರಿಸಿದಾಗ ದೊಡ್ಡದೊಂದು ಏದುಸಿರಿನೊಂದಿಗೆ ಉಸಿರಾಟ ಮತ್ತೆ ಶುರು. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಇರುತ್ತದೆ.

ಕನಿಷ್ಠ ಹತ್ತು ಸೆಕೆಂಡು ಉಸಿರು ನಿಂತರೆ ಅದನ್ನು ಒಂದು ಸಲ ಎಂದು ಲೆಕ್ಕ ಹಾಕುತ್ತಾರೆ. ಉಸಿರು ಗಣನೀಯವಾಗಿ ಕುಗ್ಗಿದ ಸಲಗಳೂ ಲೆಕ್ಕಕ್ಕೆ ಸೇರುತ್ತವೆ. ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ತೀವ್ರ ಎಂದರೆ ಎರಡು ನಿಮಿಷಕ್ಕೊಮ್ಮೆ ಕತ್ತು ಹಿಸುಕಿ ಬಿಟ್ಟಂತೆ, ಅದೂ ರಾತ್ರಿಯಿಡೀ. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಮಾತ್ರೆಗೆ ಬಗ್ಗದ ಬಿಪಿ, ಸ್ಟೇರಿಂಗ್ ಹಿಡಿದಾಗಲೇ ಮುಚ್ಚುವ ಕಣ್ಣು, ಎಲ್ಲವೂ ಇದರ ಹಿಂದೆಯೇ ಬರುತ್ತವೆ. 2019ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ 30ರಿಂದ 69 ವಯಸ್ಸಿನ ಸುಮಾರು 93.6 ಕೋಟಿ ಜನರಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿದೆ. ಮಧ್ಯಮ ಇಲ್ಲವೇ ತೀವ್ರ ಸ್ವರೂಪದಲ್ಲಿ ಇರುವವರೇ 42.5 ಕೋಟಿ. ಬಹುಪಾಲು ಜನರಿಗೆ ಇದು ಪತ್ತೆಯಾಗಿಯೇ ಇಲ್ಲ. ನಮ್ಮಲ್ಲಂತೂ ಗೊರಕೆಯೆಂದರೆ ಗಾಢನಿದ್ದೆಯ ಗುರುತು, ಮನೆಮಂದಿಗೆ ತಮಾಷೆಯ ವಸ್ತು. ದಪ್ಪಗಿದ್ದವರ ಕಾಯಿಲೆ ಎಂಬ ನಂಬಿಕೆಯೂ ಅರ್ಧಸತ್ಯ. ಬೊಜ್ಜು ದೊಡ್ಡ ಕಾರಣ ನಿಜ, ಆದರೆ ದವಡೆ ಚಿಕ್ಕದಿದ್ದು ಗಲ್ಲ ಹಿಂದೆ ಸರಿದಿದ್ದರೆ ತೆಳ್ಳಗಿನವರಿಗೂ ಬರುತ್ತದೆ.

ದವಡೆಯ ಮಾತು ಬಂದಲ್ಲಿ ದಂತವೈದ್ಯರು ಬರಲೇಬೇಕು. ವಾಸ್ತವವಾಗಿ ಅವರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಕೆಳದವಡೆ ತೀರ ಚಿಕ್ಕದಾಗಿ ಹುಟ್ಟಿದ ಮಕ್ಕಳಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುವುದನ್ನು 1923ರಲ್ಲೇ ವಿವರಿಸಿದವರು ಫ್ರಾನ್ಸಿನ ದಂತ ಹಾಗೂ ಬಾಯಿರೋಗ ತಜ್ಞ ಪಿಯರ್ ರಾಬಿನ್. ದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನೂ ಅವರು ರೂಪಿಸಿದ್ದರು. ವಯಸ್ಕರು ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲಿಸುವುದನ್ನು ಫ್ರೆಂಚ್ ಮತ್ತು ಜರ್ಮನ್ ತಂಡಗಳು ಯಂತ್ರಗಳಲ್ಲಿ ದಾಖಲಿಸಿದ್ದು 1965ರಲ್ಲಿ. ಅಲ್ಲಿಂದ ಮುಂದೆ ಈ ಕಾಯಿಲೆ ನರತಜ್ಞರ, ಶ್ವಾಸಕೋಶ ತಜ್ಞರ ಪಾಲಾಯಿತು. ದಂತವೈದ್ಯರು ಬಹುಮಟ್ಟಿಗೆ ಹಲ್ಲಿಗೆ ಮರಳಿದರು.

ಬಾಯಲ್ಲಿ ಇದರ ಕುರುಹುಗಳೇನು? ನಾಲಿಗೆಯ ಅಂಚಿನುದ್ದಕ್ಕೂ ಹಲ್ಲುಗಳ ಅಚ್ಚು ಬಿದ್ದಿರುತ್ತದೆ. ಇರುವ ಜಾಗಕ್ಕೆ ನಾಲಿಗೆ ದೊಡ್ಡದಾಗಿದೆ ಎಂದರ್ಥ. ಅಂಗುಳ ಕಿರಿದಾಗಿ ಮೇಲಕ್ಕೆ ಕಮಾನು ಕಟ್ಟಿರುತ್ತದೆ. ಕಿರುನಾಲಿಗೆ ಉದ್ದವಾಗಿ ಊದಿಕೊಂಡಿರಬಹುದು, ಟಾನ್ಸಿಲ್ ಉಬ್ಬಿರಬಹುದು. ಬಾಯಿ ತೆರೆದು ಮಲಗುವುದರಿಂದ ಬೆಳಗ್ಗೆ ಬಾಯಿ ಒಣಗಿರುತ್ತದೆ, ಒಸಡು ಕೆಂಪಾಗುತ್ತದೆ, ಹುಳುಕು ಬೇಗ ಹಿಡಿಯುತ್ತದೆ. ಇವುಗಳಲ್ಲಿ ಯಾವುದೊಂದೂ ತಾನೇ ಸಾಕ್ಷಿಯಲ್ಲ. ಎರಡು ಮೂರು ಕೂಡಿ ಬಂದು, ಅಂಗಿಯ ಕಾಲರ್ ಗುಂಡಿ ಹಾಕಲಾಗದಷ್ಟು ಕತ್ತು ದಪ್ಪವಿದ್ದು, ಬಿಪಿಯೂ ಇದ್ದರೆ ಸಂಶಯ ಬರಬೇಕು. ಬಾಯಿ ತೆರೆದೇ ಉಸಿರಾಡುವ, ರಾತ್ರಿ ಹಾಸಿಗೆ ಒದ್ದೆ ಮಾಡುವ, ಶಾಲೆಯಲ್ಲಿ ಕೂತಲ್ಲಿ ಕೂರದ ಮಗುವಿನ ಬಗ್ಗೆಯೂ ಅದೇ ಸಂಶಯ ಬರಬೇಕು.

ಹಲ್ಲು ಸವೆತದ ವಿಷಯ ಸ್ವಲ್ಪ ಸೂಕ್ಷ್ಮ. ರಾತ್ರಿ ಹಲ್ಲು ಕಡಿಯುವವರು ದಂತವೈದ್ಯರ ಬಳಿ ಹೋದರೆ ಸಾಮಾನ್ಯವಾಗಿ ನೈಟ್ ಗಾರ್ಡ್ ಮಾಡಿಕೊಡುತ್ತಾರೆ: ಮೇಲಿನ ಹಲ್ಲುಗಳ ಮೇಲೆ ಕೂರುವ ಅಕ್ರಿಲಿಕ್ ಹೊದಿಕೆ. ಹಲ್ಲು ಕಡಿಯುವವರಲ್ಲಿ ಕೆಲವರಿಗೆ ಅಪ್ನಿಯಾವೂ ಇರುತ್ತದೆ. ಕೆನಡಾದ ಸಂಶೋಧಕರು ಅಪ್ನಿಯಾ ಇದ್ದ 10 ಜನರಿಗೆ ಇಂಥ ಹೊದಿಕೆ ಹಾಕಿ ಮಲಗಿಸಿ 2004ರಲ್ಲಿ ವರದಿ ಮಾಡಿದರು. ಅರ್ಧದಷ್ಟು ಮಂದಿಯಲ್ಲಿ ಉಸಿರಾಟದ ಅಡಚಣೆ ಇನ್ನೂ ಹೆಚ್ಚಿತ್ತು. ಹತ್ತೇ ಜನರ ಪುಟ್ಟ ಪ್ರಯೋಗ, ಇದನ್ನು ಹಿಡಿದು ನೈಟ್ ಗಾರ್ಡನ್ನೇ ಬಯ್ಯಬೇಕಿಲ್ಲ. ಆದರೆ ಹಲ್ಲು ಉಳಿಸಲು ಹೋಗಿ ಉಸಿರು ಕೆಡಿಸುವ ಸಾಧ್ಯತೆ ಇದೆಯೆಂದ ಮೇಲೆ, “ಗೊರಕೆ ಹೊಡೀತೀರಾ?” ಎಂದು ಕೇಳದೆ ಅಳತೆ ತೆಗೆದುಕೊಳ್ಳುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ನಿದ್ದೆ ಬರಿಸುವ ಔಷಧಿ ಕೊಟ್ಟು ಅಂಗಾತ ಮಲಗಿಸಿ ಹಲ್ಲು ಕೀಳುವಾಗಲಂತೂ ಈ ಪ್ರಶ್ನೆ ಇನ್ನಷ್ಟು ಮುಖ್ಯ.

ಕೇಳದಿರುವುದಕ್ಕೆ ಅಸಡ್ಡೆಯೇ ಕಾರಣ ಎನ್ನಲಾಗದು. ಕಲಿಸಿದ್ದರೆ ತಾನೆ ಕೇಳುವುದು? ಅಮೆರಿಕದ ದಂತ ವೈದ್ಯಕೀಯ ಕಾಲೇಜುಗಳಲ್ಲಿ 2008–09ರಲ್ಲಿ ನಿದ್ರಾರೋಗಗಳ ಪಾಠಕ್ಕೆ ಸಿಗುತ್ತಿದ್ದದ್ದು ಇಡೀ ಕೋರ್ಸಿನಲ್ಲಿ ಸರಾಸರಿ ನಾಲ್ಕು ಗಂಟೆಗೂ ಕಡಿಮೆ. ವೈದ್ಯರ ತಿಳಿವಳಿಕೆ ಅಳೆಯಲು 2003ರಲ್ಲಿ ರೂಪಿಸಿದ ಪ್ರಶ್ನಾವಳಿಯೊಂದನ್ನು ಭಾರತವೂ ಸೇರಿ ಹಲವು ದೇಶಗಳ ದಂತವೈದ್ಯರಿಗೂ ವಿದ್ಯಾರ್ಥಿಗಳಿಗೂ ಕೊಟ್ಟು ನೋಡಿದ್ದಾರೆ. ಮತ್ತೆ ಮತ್ತೆ ಹೊರಬೀಳುವ ಚಿತ್ರ ಒಂದೇ: ಕಾಯಿಲೆಯ ಹೆಸರು ಗೊತ್ತು, ಮುಖ್ಯವೆಂಬುದೂ ಗೊತ್ತು, ಎದುರಿಗಿರುವ ರೋಗಿಯಲ್ಲಿ ಗುರುತಿಸುವ ಧೈರ್ಯ ಇಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2017ರಲ್ಲಿ ತನ್ನ ಸದಸ್ಯರ ಕೆಲಸವನ್ನು ಸ್ಪಷ್ಟಪಡಿಸಿತು. ಲಕ್ಷಣಗಳನ್ನು ಹುಡುಕಿ, ಸಂಶಯವಿದ್ದರೆ ವೈದ್ಯರ ಬಳಿ ಕಳಿಸಿ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಆ ವೈದ್ಯರ ಕೆಲಸ, ದಂತವೈದ್ಯರದಲ್ಲ.

ಈ ಗೆರೆ ಮುಖ್ಯ. ಏಕೆಂದರೆ ಅರಿವು ಹೆಚ್ಚಿದಲ್ಲಿ ವ್ಯಾಪಾರವೂ ಹೆಚ್ಚುತ್ತದೆ. ತೀವ್ರ ಅಪ್ನಿಯಾಕ್ಕೆ ಮೊದಲ ಆಯ್ಕೆ ಈಗಲೂ 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ತೋರಿಸಿಕೊಟ್ಟ ಸಿಪ್ಯಾಪ್ ಯಂತ್ರವೇ; ಮಾಸ್ಕ್ ಮೂಲಕ ಗಾಳಿಯನ್ನು ಒತ್ತಡದಲ್ಲಿ ಕಳಿಸಿ ದಾರಿ ತೆರೆದಿಡುತ್ತದೆ. ಮಾಸ್ಕ್ ಒಗ್ಗದವರಿಗೆ, ಸೌಮ್ಯ ಇಲ್ಲವೇ ಮಧ್ಯಮ ಸ್ವರೂಪದವರಿಗೆ ದಂತವೈದ್ಯರು ಮಾಡಿಕೊಡುವ ದವಡೆ ಸಾಧನ ಉಪಯೋಗಕ್ಕೆ ಬರುತ್ತದೆ. ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಅಚ್ಚು. ಎರಡನ್ನೂ ಕೂಡಿಸುವ ಸ್ಕ್ರೂ. ಕೆಳದವಡೆಯನ್ನು ಎಷ್ಟು ಮುಂದಕ್ಕೆ ತರಲಾಗುತ್ತದೋ ಅದರ ಸುಮಾರು ಅರ್ಧದಿಂದ ಶುರುಮಾಡಿ, ವಾರಗಟ್ಟಲೆ ಮಿಲಿಮೀಟರಿನ ಭಾಗದಷ್ಟೇ ತಿರುಗಿಸುತ್ತ ಹೋಗುತ್ತಾರೆ. ದವಡೆಯೊಂದಿಗೆ ನಾಲಿಗೆಯ ಬುಡವೂ ಮುಂದೆ ಬರುತ್ತದೆ. ಮೊದಮೊದಲು ಜೊಲ್ಲು ಸುರಿಯುತ್ತದೆ, ಕೀಲು ನೋಯುತ್ತದೆ, ಬೆಳಗ್ಗೆ ದವಡೆ ಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ. ವರ್ಷಗಳುರುಳಿದರೆ ಕಚ್ಚುವ ರೀತಿಯೇ ಬದಲಾಗಬಹುದು. ಹಾಗಾಗಿ ನಿಯಮಿತ ತಪಾಸಣೆ ಬೇಕು. ಸಾಧನ ಹೊಂದಿಕೊಂಡ ಮೇಲೆ ಮತ್ತೊಮ್ಮೆ ನಿದ್ರಾ ಪರೀಕ್ಷೆಯೂ ಆಗಬೇಕು, ಏಕೆಂದರೆ ಗೊರಕೆ ನಿಂತರೂ ಉಸಿರು ನಿಲ್ಲುವುದು ಮುಂದುವರಿದಿರಬಹುದು. ನಿದ್ರಾ ಪರೀಕ್ಷೆಯೇ ಇಲ್ಲದೆ “ಗೊರಕೆ ಕ್ಲಿಪ್” ಮಾರುವವರಿಂದ ದೂರವಿರುವುದು ಒಳ್ಳೆಯದು.

ಮುಂದಿನ ಸಲ ಹಲ್ಲು ತೋರಿಸಲು ಹೋದಾಗ ಬಿಪಿ, ಶುಗರ್ ಬಗ್ಗೆ ಹೇಳುವ ಹಾಗೆ ಗೊರಕೆಯ ಬಗ್ಗೆಯೂ ಹೇಳಿ. ಸಾಧ್ಯವಾದರೆ ನಿಮ್ಮ ಪಕ್ಕದಲ್ಲಿ ಮಲಗುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ನಿದ್ದೆಯ ಬಗ್ಗೆ ನಿಮಗಿಂತ ಅವರಿಗೇ ಹೆಚ್ಚು ಗೊತ್ತು.