ಪಕ್ಕದ ಬೆಂಚಿನವರಿಗೆ ಮೊದಲೇ ಗೊತ್ತಿರುತ್ತದೆ

ರಜೆ ಮುಗಿದು ಕಾಲೇಜು ತೆರೆದ ಮೊದಲ ವಾರ ಹಾಜರಿ ಕೂಗುವಾಗ ಒಂದೆರಡು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಯಾಕೆ ಬಂದಿಲ್ಲ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಉಪನ್ಯಾಸಕರಾದ ನಮಗೆ ಕಾರಣ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಪಕ್ಕದ ಬೆಂಚಿನ ಗೆಳತಿಗೆ ಮಾತ್ರ ಎರಡು ತಿಂಗಳ ಮೊದಲೇ ಗೊತ್ತಿರುತ್ತದೆ: ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ, ಇಲ್ಲವೇ ಮನೆಯವರೆಲ್ಲ ದುಡಿಯಲು ಗೋವಾಕ್ಕೆ ಹೊರಟಿದ್ದಾರೆ.

ಪಿಯರ್ ಎಜುಕೇಶನ್, ಅಂದರೆ ಓರಗೆಯವರಿಂದ ಓರಗೆಯವರಿಗೆ ಶಿಕ್ಷಣ, ನಿಂತಿರುವುದು ಈ ಸಂಗತಿಯ ಮೇಲೆ. ಒಂದೇ ವಯಸ್ಸಿನವರು ಪರಸ್ಪರ ಹೇಳಿಕೊಳ್ಳುವುದನ್ನು ದೊಡ್ಡವರ ಮುಂದೆ ಹೇಳುವುದಿಲ್ಲ. ಹಾಗಾಗಿ ಅವರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಸರಿಯಾದ ಮಾಹಿತಿಯನ್ನು ಅವರ ಮೂಲಕವೇ ತಲುಪಿಸುವುದು ಈ ಪದ್ಧತಿ. ಇದು ಹೊರಗಿನಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥಾಲಯವೊಂದರಲ್ಲಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದರು. 1797ರಲ್ಲಿ ಆ ಕುರಿತು ಪುಸ್ತಕ ಪ್ರಕಟಿಸಿದರು. ಆಮೇಲೆ ಇಂಗ್ಲೆಂಡಿನ ಶಾಲೆಗಳೂ ಅದನ್ನು ಅನುಸರಿಸಿದವು. ನಮ್ಮ ಕಾಲದಲ್ಲಿ ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್‌ಗಳು ಎಚ್‌ಐವಿ ಬಗ್ಗೆ ತಿಳಿವಳಿಕೆ ಕೊಡುವುದು ಹೀಗೆಯೇ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವೂ ಹಳ್ಳಿಯ ಹುಡುಗ ಹುಡುಗಿಯರನ್ನೇ 'ಸಾಥಿಯಾ' ಎಂಬ ಹೆಸರಿನಲ್ಲಿ ತರಬೇತುಗೊಳಿಸುತ್ತದೆ.

'ಜಾಗತಿಕ ಸಮಸ್ಯೆ' ಎಂದ ಕೂಡಲೇ ನಮ್ಮ ವಿದ್ಯಾರ್ಥಿಗಳು ಧ್ರುವ ಪ್ರದೇಶದ ಹಿಮದ ಚಿತ್ರ ಬಿಡಿಸಿದ ಭಿತ್ತಿಪತ್ರ ತರುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ 2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಐದನೆಯದನ್ನು ತೆರೆದು ನೋಡಿ: 2030ರೊಳಗೆ ಬಾಲ್ಯವಿವಾಹವನ್ನು ಕೊನೆಗಾಣಿಸಬೇಕು ಎಂದಿದೆ. ಹಾಜರಿ ಪುಸ್ತಕದಲ್ಲಿ ಉತ್ತರವಿಲ್ಲದ ಆ ಹೆಸರು ಅಲ್ಲಿಯೂ ಇದೆ. ಇಂಡಿ, ಸಿಂದಗಿಯ ಅಂಚಿನಲ್ಲಿ ಭೀಮಾ ಹರಿಯುತ್ತದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಕೃಷ್ಣೆ. ಆದರೂ ಮಳೆ ಕೈಕೊಟ್ಟ ವರ್ಷ ಒಣಬೇಸಾಯದ ಮನೆಗಳು ಗುಳೆ ಹೊರಡುತ್ತವೆ. ಬೆಳೆದ ಮಗಳನ್ನು ಯಾರ ಬಳಿ ಬಿಟ್ಟು ಹೋಗುವುದು ಎಂಬ ಚಿಂತೆ ಹುಟ್ಟುತ್ತದೆ. ಮದುವೆಯ ಮಾತು ಬರುವುದು ಆಗ. ಹವಾಮಾನ, ವಲಸೆ, ಹುಡುಗಿಯರ ಓದು ಪುಸ್ತಕದಲ್ಲಿ ಮೂರು ಅಧ್ಯಾಯಗಳಾಗಿರಬಹುದು, ಮನೆಯಲ್ಲಿ ಒಂದೇ. ಇದನ್ನು ಜೋಡಿಸಿ ಹೇಳಲು ಆ ಮನೆಯನ್ನು ಬಲ್ಲವರೇ ಬೇಕು. ಮನೆಯಲ್ಲಿ ದಖನಿ ಅಥವಾ ಲಂಬಾಣಿ, ತರಗತಿಯಲ್ಲಿ ಕನ್ನಡ, ವಿಜ್ಞಾನದ ಪುಸ್ತಕದಲ್ಲಿ ಇಂಗ್ಲಿಷ್ ಇರುವ ನಮ್ಮಂಥ ಕಡೆ ಗೆಳತಿಯ ವಿವರಣೆ ನಮ್ಮ ಉಪನ್ಯಾಸಕ್ಕಿಂತ ಬೇಗ ಒಳಗಿಳಿಯುತ್ತದೆ.

ಆದರೆ ಇಷ್ಟರಿಂದಲೇ ಎಲ್ಲವೂ ಬದಲಾಗುತ್ತದೆಯೇ? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉತ್ತರವಿದೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 'ಸಮತಾ' ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಪ್ರೌಢಶಾಲೆ ಮುಗಿಸಬೇಕು, ಅವರ ಮದುವೆ ಮುಂದಕ್ಕೆ ಹೋಗಬೇಕು ಎಂಬುದು ಉದ್ದೇಶ. ಹುಡುಗಿಯರ ಗುಂಪುಗಳಾದವು, ಹುಡುಗರೊಡನೆ ಕ್ರೀಡೆಯ ಮೂಲಕ ಮಾತಾಯಿತು, ತಂದೆತಾಯಿ ಮತ್ತು ಶಾಲೆಗಳನ್ನೂ ಸೇರಿಸಿಕೊಂಡರು. ಪರಿಣಾಮ ಅಳೆಯಲು 80 ಹಳ್ಳಿಗಳನ್ನು ತೆಗೆದುಕೊಂಡು ಅರ್ಧದಲ್ಲಿ ಕಾರ್ಯಕ್ರಮ ನಡೆಸಿ, ಉಳಿದರ್ಧದೊಡನೆ ಹೋಲಿಸಿದರು. 2014ರಿಂದ 2017ರವರೆಗಿನ ಆ ಅಧ್ಯಯನದಲ್ಲಿ, ಶಾಲೆ ಬಿಡುವುದು ಮತ್ತು ಮದುವೆಯ ವಿಷಯದಲ್ಲಿ ಎರಡು ಗುಂಪುಗಳ ನಡುವೆ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಯಕ್ರಮ ಇಲ್ಲದ ಹಳ್ಳಿಗಳಲ್ಲೂ ಹೆಚ್ಚಿನ ಹುಡುಗಿಯರು ಶಾಲೆ ಮುಗಿಸುತ್ತಿದ್ದರು, ಕಾಲವೇ ಬದಲಾಗುತ್ತಿತ್ತು.

ಅದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ನನಗೆ ತಿಳಿದದ್ದು ಇಷ್ಟು: ಗೆಳತಿಯ ಮಾತು ಹುಡುಗಿಯ ಮನಸ್ಸನ್ನು ಮುಟ್ಟಬಹುದು, ಆದರೆ ಮನೆಯ ತೀರ್ಮಾನ ಅವಳ ಕೈಯಲ್ಲಿ ಇರುವುದಿಲ್ಲ. ಹದಿನೇಳರ ಹುಡುಗಿಯೊಬ್ಬಳು ಇನ್ನೊಬ್ಬಳ ಮದುವೆ ನಿಲ್ಲಿಸಲಿ ಎಂದು ಹೊರೆ ಹೊರಿಸುವುದು ಅನ್ಯಾಯ.

ಆದ್ದರಿಂದ ನಮ್ಮ ಕಾಲೇಜಿನ ಗುಂಪಿಗೆ ಸೇರುವವರಿಗೆ ನಾನು ಹೇಳುವುದು ಬೇರೆ. ಮೊದಲು ವಿಷಯ ಖಚಿತ ಮಾಡಿಕೊಳ್ಳಿ. ಓರಗೆಯವರ ಬಾಯಲ್ಲಿ ಸರಿಯಾದದ್ದು ಎಷ್ಟು ಬೇಗ ಹರಡುತ್ತದೆಯೋ ತಪ್ಪೂ ಅಷ್ಟೇ ಬೇಗ ಹರಡುತ್ತದೆ. ವಾಟ್ಸಾಪ್ ನೋಡಿದರೆ ಸಾಕು. ಹುಡುಗಿಗೆ 18, ಹುಡುಗನಿಗೆ 21 ಎಂಬುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಮಾತು ಎಂದು ಎಲ್ಲರೂ ಹೇಳುತ್ತಾರೆ. ಕರ್ನಾಟಕವು ಅದಕ್ಕೆ ತಿದ್ದುಪಡಿ ತಂದು, ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಗೊತ್ತಿಲ್ಲದ ಪ್ರಶ್ನೆ ಬಂದರೆ 'ಕೇಳಿ ಬಂದು ಹೇಳುತ್ತೇನೆ' ಎನ್ನಿ. ಹಾಗೆ ಹೇಳಲು ನಾಚುವವರು ಉಪನ್ಯಾಸಕರಲ್ಲೂ ಇದ್ದಾರೆ.

ಗೆಳತಿ ನಂಬಿ ಹೇಳಿದ ಮಾತನ್ನು ಇತರರಿಗೆ ಹೇಳಬೇಡಿ. ಆದರೆ ಮದುವೆಯ ದಿನ ಗೊತ್ತಾಗಿದೆ ಎಂದಾಗ ಆ ಮಾತು ನಿಮ್ಮಲ್ಲೇ ಉಳಿಯಬಾರದು. ಅವಳಿಗೆ ತಿಳಿಸಿಯೇ ನೀವು ನಂಬುವ ಒಬ್ಬ ಉಪನ್ಯಾಸಕರ ಬಳಿ ಬನ್ನಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಲ್ಲಿಂದ ಮುಂದಿನ ಕೆಲಸ ದೊಡ್ಡವರದು.

ಗಂಡುಮಕ್ಕಳು ಇದನ್ನು ಓದಿ ಪುಟ ತಿರುಗಿಸುತ್ತಿರಬಹುದು. ನಿಮ್ಮ ಮನೆಯಲ್ಲಿ ತಂಗಿಯ ಓದಿನ ಮಾತು ಬಂದಾಗ ಅಪ್ಪ ನಿಮ್ಮ ಮುಖ ನೋಡುತ್ತಾರೆ, ಅವಳ ಮುಖವನ್ನಲ್ಲ. ಗುಂಪಿಗೆ ಹೆಸರು ಕೊಡುವ ಪಟ್ಟಿ ಗ್ರಂಥಾಲಯದ ಮೇಜಿನ ಮೇಲಿದೆ. ಇಲ್ಲಿಯವರೆಗೆ ಅದರಲ್ಲಿ ಹುಡುಗರ ಹೆಸರು ಒಂದೂ ಇಲ್ಲ.